ಎಣ್ಣೆಯ ನಾಡಿನಲ್ಲಿ ಅತಿಥಿಗೆ ಜಾಗ

ಟ್ರಿನಿಡಾಡ್ ಎಂಬ ಹೆಸರು ಕಿವಿಗೆ ಬಿದ್ದರೆ ನಮ್ಮಲ್ಲಿ ಹಿರಿಯರಿಗೆ ಕ್ರಿಕೆಟ್ಟೇ ನೆನಪಾಗುತ್ತದೆ. 1976ರ ಏಪ್ರಿಲ್ 12ರಂದು ಆ ದೇಶದ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ ನಾಲ್ಕನೆಯ ಇನಿಂಗ್ಸಿನಲ್ಲಿ 406 ರನ್ ಹೊಡೆದು ವೆಸ್ಟ್ ಇಂಡೀಸನ್ನು ಸೋಲಿಸಿತು. ನಮ್ಮ ಭದ್ರಾವತಿಯ ವಿಶ್ವನಾಥ್ ಅಂದು ಹೊಡೆದದ್ದು 112. ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದರು. ಗೆಲುವಿನ ಹೊತ್ತಿಗೆ ಔಟಾಗದೆ ನಿಂತಿದ್ದವರಲ್ಲಿ ಕರ್ನಾಟಕದ ಪರ ಆಡುತ್ತಿದ್ದ ಬ್ರಿಜೇಶ್ ಪಟೇಲ್ ಕೂಡ ಒಬ್ಬರು. ನಮ್ಮ ಬಹುಪಾಲು ಜನರಿಗೆ ಟ್ರಿನಿಡಾಡಿನ ಪರಿಚಯ ಅಲ್ಲಿಗೆ ಮುಗಿಯುತ್ತದೆ. ಇವತ್ತು ಆ ಮೈದಾನದ ಗೇಟು ದಾಟಿ ಹೊರಗೆ ಹೋಗೋಣ. ನೋಡಲು ಇಷ್ಟೆಲ್ಲ ಇಟ್ಟುಕೊಂಡಿರುವ ಒಂದು ದೇಶಕ್ಕೆ ನೋಡುವವರು ಯಾಕೆ ಬರುತ್ತಿಲ್ಲ ಎಂಬುದು ಇವತ್ತಿನ ಮಾತು.

ದೇಶದ ಪೂರ್ತಿ ಹೆಸರು ಟ್ರಿನಿಡಾಡ್ ಮತ್ತು ಟೊಬೇಗೊ. ದ್ವೀಪ ಎರಡು, ಸರ್ಕಾರ ಒಂದು. ಟ್ರಿನಿಡಾಡ್ ದೊಡ್ಡದು, ದೊಡ್ಡದು ಎಂದರೂ ನಮ್ಮ ಕೊಡಗು ಜಿಲ್ಲೆಗಿಂತ ತುಸು ಹೆಚ್ಚು, ಅಷ್ಟೆ. ಟೊಬೇಗೊ ಸುಮಾರು 300 ಚದರ ಕಿಲೋಮೀಟರಿನ ಪುಟ್ಟ ತುಂಡು. ಎರಡರಲ್ಲೂ ಸೇರಿ ಜನ 14 ಲಕ್ಷದ ಆಸುಪಾಸು. 1962ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ, 1976ರಲ್ಲಿ ಗಣರಾಜ್ಯ.

ಕೆರಿಬಿಯನ್ ಸಮುದ್ರದ ಬೇರೆ ದ್ವೀಪಗಳು, ಬಾರ್ಬಡೋಸ್, ಸೇಂಟ್ ಲೂಸಿಯಾ, ಆಂಟಿಗಾ, ಎಲ್ಲವೂ ಪ್ರವಾಸಿಗರ ದುಡ್ಡಿನಲ್ಲೇ ಒಲೆ ಹಚ್ಚುತ್ತವೆ. ಟ್ರಿನಿಡಾಡ್ ಹಾಗಲ್ಲ. ಅದಕ್ಕೆ ಎಣ್ಣೆ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದಲೇ ಅಲ್ಲಿ ಕಚ್ಚಾ ತೈಲ ತೆಗೆಯುತ್ತಿದ್ದಾರೆ. 1973ರಲ್ಲಿ ತೈಲದ ಬೆಲೆ ಏರಿದಾಗ ಸರ್ಕಾರದ ಬೊಕ್ಕಸ ತುಂಬಿ ಚೆಲ್ಲಿತು. ಮುಂದೆ ನೈಸರ್ಗಿಕ ಅನಿಲ ಬಂತು, ಪಾಯಿಂಟ್ ಲಿಸಾಸಿನಲ್ಲಿ ಅಮೋನಿಯ, ಮೆಥನಾಲ್ ಕಾರ್ಖಾನೆಗಳು ಬಂದವು, 1999ರಿಂದ ಅನಿಲವನ್ನು ದ್ರವ ಮಾಡಿ ಹಡಗಿಗೆ ತುಂಬಿ ಕಳಿಸುವ ವ್ಯಾಪಾರವೂ ಶುರುವಾಯಿತು. ಇಷ್ಟಿರುವಾಗ ಯಾರೋ ಬಿಳಿಯ ಬಂದು ಮರಳಿನ ಮೇಲೆ ಮಲಗಿದರೆ ಅವನಿಗೆ ಎಳನೀರು ಹಿಡಿದು ನಿಲ್ಲುವ ಅಗತ್ಯ ಯಾರಿಗಿತ್ತು?

ಅಗತ್ಯವಿರಲಿಲ್ಲ ಎಂಬುದೊಂದೇ ಕಾರಣವಲ್ಲ. ಮನಸ್ಸೂ ಇರಲಿಲ್ಲ. 1838ರವರೆಗೂ ಅಲ್ಲಿ ಆಫ್ರಿಕನ್ನರನ್ನು ಗುಲಾಮರಾಗಿ ದುಡಿಸಿದರು. ಆಮೇಲೆ ಭಾರತದಿಂದ ಕರಾರಿನ ಕೂಲಿಗಳನ್ನು ತಂದರು. ಸ್ವಾತಂತ್ರ್ಯದ ಹೊತ್ತಿಗೆ ದೇಶ ನಡೆಸಿದ ಎರಿಕ್ ವಿಲಿಯಮ್ಸ್ ಸ್ವತಃ ಗುಲಾಮಗಿರಿಯ ಇತಿಹಾಸ ಬರೆದ ವಿದ್ವಾಂಸ. ಅಂಥ ಸಮಾಜದಲ್ಲಿ ಮತ್ತೆ ಪರದೇಶದವರ ಮುಂದೆ ತಟ್ಟೆ ಹಿಡಿದು ನಿಲ್ಲುವ ಉದ್ಯೋಗದ ಮೇಲೆ ಅನುಮಾನ ಇದ್ದದ್ದು ತಪ್ಪು ಎಂದು ನಾನಂತೂ ಹೇಳಲಾರೆ. ಆದರೆ ಪರಿಣಾಮ ಏನಾಯಿತೆಂದರೆ, ನೆರೆಯ ದ್ವೀಪಗಳು ಐವತ್ತು ವರ್ಷ ಅತಿಥಿಗಳನ್ನು ನೋಡಿಕೊಳ್ಳುವ ಕಸುಬು ಕಲಿತವು, ಇವರು ಕಲಿಯಲಿಲ್ಲ. ಇವತ್ತಿಗೂ ಟ್ರಿನಿಡಾಡಿಗೆ ವಿಮಾನದಲ್ಲಿ ಇಳಿಯುವವರಲ್ಲಿ ಬಹಳಷ್ಟು ಜನ ಕಂಪನಿ ಕೆಲಸಕ್ಕೆ ಬಂದವರು, ಇಲ್ಲವೇ ನ್ಯೂಯಾರ್ಕು, ಟೊರಾಂಟೊಗಳಿಂದ ಅಮ್ಮನ ಮನೆಗೆ ಬಂದವರು.

ಈಗ ಎಣ್ಣೆಯ ಕತೆ ಇಳಿಮುಖ. ಪಾಯಿಂಟ್ ಲಿಸಾಸಿನ ಉಕ್ಕಿನ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು. ಸರ್ಕಾರಿ ತೈಲ ಕಂಪನಿ ಪೆಟ್ರೋಟ್ರಿನ್ ತನ್ನ ರಿಫೈನರಿಯನ್ನು 2018ರಲ್ಲಿ ಮುಚ್ಚಿತು. ಅನಿಲ ಸಾಲದೆ 2020ರ ಕೊನೆಯಿಂದ ದ್ರವೀಕರಣದ ಮೊದಲ ಘಟಕ ನಿಂತಿದೆ. ಬ್ಯಾಂಕಿನಲ್ಲಿ ಅಮೆರಿಕನ್ ಡಾಲರ್ ಕೇಳಿದರೆ ಕಾಯಿರಿ ಎನ್ನುತ್ತಾರೆ. ಡಾಲರ್ ಹಿಡಿದು ತಾನಾಗಿ ಮನೆಬಾಗಿಲಿಗೆ ಬರುವ ಗಿರಾಕಿ ಎಂದರೆ ಪ್ರವಾಸಿಗ. ಅವನ ನೆನಪು ಸರ್ಕಾರಕ್ಕೆ ಈಗ ಆಗಿದೆ.

ಏನಿದೆ ಅವನಿಗೆ ತೋರಿಸಲು? ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಟ್ರಿನಿಡಾಡ್ ಹುಟ್ಟಿನಿಂದ ದ್ವೀಪವಲ್ಲ. ಹಿಮಯುಗ ಮುಗಿದು ಸಮುದ್ರ ಏರುವವರೆಗೂ ಅದು ದಕ್ಷಿಣ ಅಮೆರಿಕಕ್ಕೆ ಅಂಟಿಕೊಂಡಿದ್ದ ನೆಲ. ಇವತ್ತೂ ವೆನಿಜುವೆಲಾದ ತೀರ ಹತ್ತಿರದ ಜಾಗದಲ್ಲಿ 11 ಕಿಲೋಮೀಟರು ಮಾತ್ರ. ಆದ್ದರಿಂದ ಬೇರೆ ದ್ವೀಪಗಳಲ್ಲಿ ಇಲ್ಲದ ಖಂಡದ ಕಾಡು, ಖಂಡದ ಹಕ್ಕಿ, ಖಂಡದ ಚಿಟ್ಟೆ ಎಲ್ಲವೂ ಇಲ್ಲಿವೆ. ಇಷ್ಟೇ ಇಷ್ಟು ನೆಲದಲ್ಲಿ 470ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಝೇಂಕಾರದ ಹಕ್ಕಿಗಳೇ ಹದಿನೈದಕ್ಕೂ ಮಿಕ್ಕಿ ಬಗೆ. ರಾಜಧಾನಿಯ ಮಗ್ಗುಲಲ್ಲೇ ಕರೋನಿ ಎಂಬ ಕಾಂಡ್ಲಾ ಕಾಡಿನ ಜೌಗುಪ್ರದೇಶ. ಸಂಜೆ ದೋಣಿಯಲ್ಲಿ ಹೋದರೆ, ದೇಶದ ರಾಷ್ಟ್ರಪಕ್ಷಿಯಾದ ಸ್ಕಾರ್ಲೆಟ್ ಐಬಿಸ್ ನೂರುಗಟ್ಟಲೆ ಬಂದು ಮರದ ಮೇಲೆ ಕೂರುವುದನ್ನು ನೋಡಬಹುದು. ದಾಸವಾಳದ ಕೆಂಪು. ಇದೇ ಹಕ್ಕಿಯನ್ನು ಕದ್ದು ಹೊಡೆದು ತಿನ್ನುವವರೂ ಇದ್ದಾರೆ. ಅದಕ್ಕಾಗಿ 2018ರಲ್ಲಿ ದಂಡವನ್ನು ಒಂದು ಲಕ್ಷ ಟ್ರಿನಿಡಾಡ್ ಡಾಲರಿಗೆ ಏರಿಸಿ, ಎರಡು ವರ್ಷದವರೆಗಿನ ಜೈಲನ್ನೂ ಸೇರಿಸಿದರು.

ಉತ್ತರದ ಬೆಟ್ಟಸಾಲಿನಲ್ಲಿ ಅರೀಮಾ ಕಣಿವೆ ಇದೆ. ಅಲ್ಲಿನ ಹಳೆಯ ಕಾಫಿ-ಕೋಕೊ ತೋಟವೊಂದನ್ನು 1967ರಲ್ಲಿ ಟ್ರಸ್ಟ್ ಮಾಡಿ ಪ್ರಕೃತಿ ಕೇಂದ್ರವಾಗಿಸಿದರು. ಹೆಸರು ಏಸಾ ರೈಟ್ ನೇಚರ್ ಸೆಂಟರ್. ಬಂಗಲೆಯ ಜಗಲಿಯಲ್ಲಿ ಕಾಫಿ ಹಿಡಿದು ಕೂತರೆ ಸಾಕು, ಹಕ್ಕಿಗಳೇ ಬಂದು ನಿಮ್ಮನ್ನು ನೋಡಿಹೋಗುತ್ತವೆ ಎಂದು ಪ್ರಪಂಚದ ಪಕ್ಷಿವೀಕ್ಷಕರ ನಡುವೆ ಪ್ರಸಿದ್ಧಿ. ತೋಟದ ಗವಿಯಲ್ಲಿ ಆಯಿಲ್‌ಬರ್ಡ್ ಎಂಬ ವಿಚಿತ್ರ ಹಕ್ಕಿ ಇದೆ, ರಾತ್ರಿ ಹಾರಾಡಿ ಹಣ್ಣು ತಿನ್ನುತ್ತದೆ, ಕತ್ತಲಲ್ಲಿ ಬಾವಲಿಯ ಹಾಗೆ ಸದ್ದಿನ ಮೇಲೆ ದಾರಿ ಹುಡುಕುತ್ತದೆ. ಕೋವಿಡ್ ಬಂದಾಗ ಈ ಕೇಂದ್ರ ಬಾಗಿಲು ಹಾಕಿತು, ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು. ಅರ್ಧ ಶತಮಾನ ದೇಶಕ್ಕೆ ಹೆಸರು ತಂದ ಸಂಸ್ಥೆ ಒಂದೆರಡು ವರ್ಷದ ಕಷ್ಟ ತಡೆಯಲಾರದಷ್ಟು ಬಡಕಲಾಗಿತ್ತು ಎಂದಾಯಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಊರಿನ ಕತೆ ಹೇಳುತ್ತೇನೆ. ಈಶಾನ್ಯ ತೀರದ ಮತುರಾ. ಇಲ್ಲಿಗೆ ಮಾರ್ಚಿಯಿಂದ ಆಗಸ್ಟಿನವರೆಗೆ ಲೆದರ್‌ಬ್ಯಾಕ್ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮುನ್ನೂರು ನಾನ್ನೂರು ಕಿಲೋ ತೂಗುವ ಪ್ರಾಣಿ, ಬದುಕಿರುವ ಆಮೆಗಳಲ್ಲೆಲ್ಲ ದೊಡ್ಡದು. ಅಟ್ಲಾಂಟಿಕದ ಆಚೆ ದಂಡೆಯವರೆಗೂ ಈಜಿ ಬರುವ ಇದು ರಾತ್ರಿ ಹೊತ್ತು ಮರಳಿನ ಮೇಲೆ ತೆವಳಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ಎಂಬತ್ತರ ಸುಮಾರು ಮೊಟ್ಟೆಯಿಟ್ಟು, ಮುಚ್ಚಿ, ಮತ್ತೆ ನೀರಿಗಿಳಿಯುತ್ತದೆ. 1980ರ ದಶಕದಲ್ಲಿ ಮತುರಾದ ಕಡಲತಡಿ ಗಬ್ಬು ನಾರುತ್ತಿತ್ತು. ಮಾಂಸಕ್ಕೆಂದು ಕಡಿದು, ಬೇಕಾದಷ್ಟು ಒಯ್ದು, ಉಳಿದದ್ದನ್ನು ಅಲ್ಲೇ ಬಿಡುತ್ತಿದ್ದರು. ಸರ್ಕಾರ ದಡವನ್ನು ನಿಷೇಧಿತ ಪ್ರದೇಶ ಎಂದು ಸಾರಿತು. ಸಾರಿದ ಮಾತ್ರಕ್ಕೆ ಏನಾಗುತ್ತದೆ? ಕಾವಲಿಗೆ ಅರಣ್ಯ ಇಲಾಖೆಯಲ್ಲಿ ಜನವಿರಲಿಲ್ಲ. ಆಗ ಇಲಾಖೆಯವರು ಊರಿನವರನ್ನೇ ಕರೆದು ತರಬೇತಿ ಕೊಟ್ಟರು. 1990ರಲ್ಲಿ ನೇಚರ್ ಸೀಕರ್ಸ್ ಎಂಬ ಊರ ಸಂಘ ಹುಟ್ಟಿತು. ಮೊದಮೊದಲು ರಾತ್ರಿ ಕಾವಲು ಹೋದವರನ್ನು ಊರವರೇ ಬೈದರು. ಆಮೆ ಮಾಂಸ ತಿನ್ನುವುದು ಅಲ್ಲಿ ತಲೆತಲಾಂತರದ ರೂಢಿ. ಇವರು ಬಿಡಲಿಲ್ಲ. ಆಮೆಗಳಿಗೆ ಗುರುತಿನ ಬಿಲ್ಲೆ ಹಾಕಿದರು, ನೋಡಲು ಬರುವವರಿಗೆ ಮಾರ್ಗದರ್ಶಿಗಳಾದರು. ಬಂದವರಿಗೆ ಊಟ ಬೇಕು, ಮಲಗಲು ಕೋಣೆ ಬೇಕು, ನೆನಪಿಗೆ ಒಂದು ಮಣಿಸರ ಬೇಕು. ಅದೆಲ್ಲ ಊರಿನಲ್ಲೇ ಕೆಲಸವಾಯಿತು. ಆಮೆ ಕಡಿಯುವುದು ಆ ದಡದಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ದೇಶದ ಕಾನೂನು ಆಮೆ ಬೇಟೆಯನ್ನು ವರ್ಷಪೂರ್ತಿ ನಿಷೇಧಿಸಿದ್ದು 2011ರಲ್ಲಿ. ಅಂದರೆ ಊರು ಕಾನೂನಿಗಿಂತ ಎರಡು ದಶಕ ಮುಂದಿತ್ತು.

ಅದೇ ತೀರದಲ್ಲಿ ಇನ್ನೂ ಮುಂದೆ ಗ್ರಾಂಡ್ ರಿವಿಯೇರ್ ಇದೆ. ಒಂದು ಕಿಲೋಮೀಟರೂ ಇಲ್ಲದ ದಡ; ಹಂಗಾಮು ಜೋರಾಗಿರುವಾಗ ಒಂದೇ ರಾತ್ರಿ ನೂರಾರು ಆಮೆ ಬರುತ್ತವೆ. ಇಲ್ಲಿ 2012ರ ಜುಲೈಯಲ್ಲಿ ಒಂದು ಘಟನೆ ನಡೆಯಿತು. ನದಿ ಪಾತ್ರ ಬದಲಿಸಿ ದಡ ಕೊರೆಯುತ್ತಿತ್ತು. ಅದನ್ನು ತಿರುಗಿಸಿ ಎಂದು ಊರವರು ತಿಂಗಳುಗಟ್ಟಲೆ ಕೇಳಿಕೊಂಡರು. ಸರ್ಕಾರ ಕೊನೆಗೆ ಬುಲ್ಡೋಜರ್ ಕಳಿಸಿತು, ಅದೂ ಮೊಟ್ಟೆಯೊಡೆದು ಮರಿಗಳು ಹೊರಬರುವ ಸರಿಯಾದ ಕಾಲಕ್ಕೆ. ಸಾವಿರಾರು ಮೊಟ್ಟೆ, ಮರಿಗಳು ಅರೆದುಹೋದವು. ಆ ಚಿತ್ರಗಳು ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದವು. ಊರು ಇಪ್ಪತ್ತು ವರ್ಷ ಕಟ್ಟಿದ್ದನ್ನು ಇಲಾಖೆ ಒಂದು ವಾರಾಂತ್ಯದಲ್ಲಿ ಕೆಡವಿತು ಎಂದರೆ ಅತಿಯಾಗಲಾರದು. ದುಷ್ಟತನವೇನಲ್ಲ ಅದು, ಆ ಮರಳಿನಲ್ಲಿ ಏನಿದೆ ಎಂದು ಗೊತ್ತಿದ್ದವರನ್ನು ಯಂತ್ರ ಕಳಿಸಿದವರು ಒಂದು ಮಾತು ಕೇಳಲಿಲ್ಲ.

ನೈರುತ್ಯದ ಲಾ ಬ್ರೇ ಎಂಬಲ್ಲಿ ಡಾಂಬರಿನ ಕೆರೆ ಇದೆ. ನೂರು ಎಕರೆ ಡಾಂಬರು, ಭೂಮಿಯ ಒಡಲಿಂದ ತಾನೇ ಉಕ್ಕಿದ್ದು. ಇಂಥದ್ದರಲ್ಲಿ ಪ್ರಪಂಚದಲ್ಲೇ ದೊಡ್ಡದು. 1595ರಲ್ಲಿ ವಾಲ್ಟರ್ ರಾಲಿ ತನ್ನ ಹಡಗುಗಳ ಬಿರುಕಿಗೆ ಇದನ್ನೇ ಬಳಿದ. ಅನೇಕ ದೇಶಗಳ ರಸ್ತೆಗಳಲ್ಲಿ ಈ ಕೆರೆಯ ಡಾಂಬರಿದೆ. 2011ರಲ್ಲಿ ಇದನ್ನು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿಸಿದರು, ಕಡತ ಅಲ್ಲೇ ಇದೆ. ಕೆರೆಯ ಸುತ್ತಲಿನ ಊರಿನಲ್ಲಿ ನೆಲ ಜರುಗಿ ಮನೆಗಳ ಗೋಡೆ ಬಿರಿಯುತ್ತದೆ, ರಸ್ತೆ ಅಲೆಯ ಹಾಗೆ ಏಳುತ್ತದೆ. ಪ್ರಪಂಚದ ರಸ್ತೆಗೆ ಡಾಂಬರು ಕೊಟ್ಟ ಊರಿನ ರಸ್ತೆ ಹೀಗಿದೆ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದು ಬೇಡ.

ಈಗ ಟೊಬೇಗೊ. ಪ್ರವಾಸಿ ಭಿತ್ತಿಪತ್ರದಲ್ಲಿ ನೀವು ನೋಡುವ ಬಿಳಿ ಮರಳು, ತಿಳಿನೀಲಿ ನೀರು, ಬಾಗಿದ ತೆಂಗಿನಮರ, ಎಲ್ಲ ಇರುವುದು ಇಲ್ಲಿ. ಇದರ ಬೆನ್ನೆಲುಬಿನಂತಿರುವ ಮೈನ್ ರಿಜ್ ಕಾಡಿಗೆ ಒಂದು ಅಪೂರ್ವ ಚರಿತ್ರೆಯಿದೆ. ಹದಿನೆಂಟನೆಯ ಶತಮಾನದಲ್ಲಿ ತೋಟದ ಮಾಲೀಕರು ಕಬ್ಬಿಗಾಗಿ ಮರ ಕಡಿಯುತ್ತ ಬಂದಾಗ, ಲಂಡನ್ನಿನಲ್ಲಿದ್ದ ಸೋಮ್ ಜೆನಿನ್ಸ್ ಎಂಬ ಸಂಸತ್ ಸದಸ್ಯ, ಬೆಟ್ಟದ ಕಾಡು ಹೋದರೆ ಮಳೆಯೂ ಹೋಗುತ್ತದೆ ಎಂದು ವರ್ಷಗಟ್ಟಲೆ ಹಟ ಹಿಡಿದ. ಸ್ಟೀಫನ್ ಹೇಲ್ಸ್ ಎಂಬ ವಿಜ್ಞಾನಿ ಗಿಡಮರಗಳ ಬಗ್ಗೆ ಮಾಡಿದ್ದ ಪ್ರಯೋಗಗಳು ಅವನಿಗೆ ಆಧಾರ. 1776ರ ಏಪ್ರಿಲ್ 13ರಂದು, ಅಮೆರಿಕ ಸ್ವಾತಂತ್ರ್ಯ ಸಾರುವುದಕ್ಕೂ ಮೊದಲು, ಮಳೆಗಾಗಿ ಈ ಕಾಡನ್ನು ಕಾಪಾಡಬೇಕೆಂದು ಶಾಸನವಾಯಿತು. ಪಶ್ಚಿಮ ಗೋಳಾರ್ಧದಲ್ಲಿ ಕಾನೂನಿನ ರಕ್ಷಣೆ ಪಡೆದ ಮೊದಲ ಅರಣ್ಯ ಇದೇ ಎನ್ನುತ್ತಾರೆ. 1963ರಲ್ಲಿ ಫ್ಲೋರಾ ಚಂಡಮಾರುತ ಕಾಡಿನ ಬಹುಭಾಗ ಮಲಗಿಸಿತು. ಬಿಳಿಬಾಲದ ಸೇಬರ್‌ವಿಂಗ್ ಎಂಬ ಝೇಂಕಾರದ ಹಕ್ಕಿ ಅಳಿದೇಹೋಯಿತೆಂದು ತಿಳಿದಿದ್ದರು. ಹತ್ತು ಹನ್ನೊಂದು ವರ್ಷದ ಮೇಲೆ ಮತ್ತೆ ಕಾಣಿಸಿತು. ಈಶಾನ್ಯ ಟೊಬೇಗೊವನ್ನು 2020ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶಗಳ ಸಾಲಿಗೆ ಸೇರಿಸಿತು. ಇಂಥ ಕಾಡಿನ ಸುದ್ದಿ ದ್ವೀಪಕ್ಕೆ ಬಂದ ಪ್ರವಾಸಿಗನಿಗೇ ತಲುಪುವುದು ಕಷ್ಟ. ಅವನನ್ನು ವಿಮಾನ ನಿಲ್ದಾಣದ ಪಕ್ಕದ ದಡದಲ್ಲೇ ಕೂರಿಸಿಬಿಡುತ್ತಾರೆ.

ಅಲ್ಲಿಗೆ ಬಂದು ಸೇರುವುದೇ ಒಂದು ಪಾಡು, ಆ ಮಾತು ಬೇರೆ. ಟ್ರಿನಿಡಾಡಿನಿಂದ ವಿಮಾನಕ್ಕೆ ಅರ್ಧ ಗಂಟೆಯೂ ಬೇಡ, ವೇಗದ ಹಡಗಿಗೆ ಮೂರು ನಾಲ್ಕು ಗಂಟೆ. ಹಬ್ಬದ ಕಾಲದಲ್ಲಿ ಎರಡರ ಟಿಕೇಟೂ ಸಿಗುವುದಿಲ್ಲ. 2017ರ ಏಪ್ರಿಲಿನಲ್ಲಿ ಸೂಪರ್‌ಫಾಸ್ಟ್ ಗಲೀಸಿಯಾ ಎಂಬ ದೊಡ್ಡ ಹಡಗು ಗುತ್ತಿಗೆ ಮುಗಿಸಿ ಹೊರಟುಹೋಯಿತು. ಬದಲಿಗೆ ಇದ್ದವು ಪದೇಪದೇ ಕೆಡುವ ಹಳೆಯ ಹಡಗುಗಳು. ಬೇರೊಂದು ಹಡಗನ್ನು ಗೊತ್ತುಮಾಡಿದರೆ ಅದು ಹೇಳಿದ ದಿನಕ್ಕೆ ಬರಲಿಲ್ಲ, ಗುತ್ತಿಗೆ ರದ್ದಾಯಿತು. ಅಷ್ಟು ಹೊತ್ತಿಗೆ ಟೊಬೇಗೊದ ಅಂಗಡಿಗಳಲ್ಲಿ ಸಾಮಾನಿಗೆ ತತ್ವಾರ, ಹೋಟೆಲುಗಳಲ್ಲಿ ಕೋಣೆಗಳು ಖಾಲಿ. ಹೊರದೇಶದಿಂದ ಬರುವವರ ಸಂಖ್ಯೆ ಅದಕ್ಕೂ ಮೊದಲೇ ಕುಸಿದಿತ್ತು. 2005ರ ಆಸುಪಾಸಿನಲ್ಲಿ ಅದು ಶಿಖರದಲ್ಲಿತ್ತು. ಮುಂದಿನ ಒಂದು ದಶಕದಲ್ಲಿ ಅರ್ಧಕ್ಕೂ ಕೆಳಗೆ ಇಳಿಯಿತು. 2008ರ ಆರ್ಥಿಕ ಹಿಂಜರಿತಕ್ಕೆ ಬ್ರಿಟನ್ನಿನ ಗಿರಾಕಿಗಳು ಹೋದರು. ವಿದೇಶಿಯರು ಜಮೀನು ಕೊಳ್ಳಲು ಲೈಸೆನ್ಸ್ ಬೇಕೆಂಬ 2007ರ ನಿಯಮದಿಂದ ಹೊಸ ಬಂಡವಾಳ ನಿಂತಿತು ಎಂದು ಹೋಟೆಲಿನವರ ದೂರು. ನಮ್ಮ ನೆಲ ನಮ್ಮ ಕೈಯಲ್ಲಿ ಇರಲಿ ಎಂದು ಊರಿನವರ ಮಾತು. ನಾನು ಊರಿನವರ ಕಡೆ.

ಇದಕ್ಕೆಲ್ಲ ಒಂದೇ ಏಟಿಗೆ ಮದ್ದು ಎಂದು ಸರ್ಕಾರ ತಂದದ್ದು ಸ್ಯಾಂಡಲ್ಸ್ ಯೋಜನೆ. ಜಮೈಕಾ ಮೂಲದ ದೊಡ್ಡ ರೆಸಾರ್ಟ್ ಕಂಪನಿ. ಊಟ, ಕುಡಿತ, ಆಟ ಎಲ್ಲಕ್ಕೂ ಒಂದೇ ಕಂತಿನಲ್ಲಿ ದುಡ್ಡು ಕಟ್ಟಿ ಬಂದ ಅತಿಥಿ ಕಾಂಪೌಂಡು ದಾಟುವುದೇ ಅಪರೂಪ. ಬುಕ್ಕೂ ಹಳ್ಳಿಯ ಪಕ್ಕ, ಹವಳದ ದಿಬ್ಬದ ಎದುರಿನ ಜೌಗುನೆಲದ ಹತ್ತಿರ, ನೂರಾರು ಕೋಣೆ. ಕಟ್ಟಡದ ಖರ್ಚು ಸರ್ಕಾರದ್ದು, ನಡೆಸುವವರು ಅವರು. 2017ರಲ್ಲಿ ಮಾಡಿಕೊಂಡ ತಿಳಿವಳಿಕೆ ಪತ್ರವನ್ನು ಜನರಿಗೆ ತೋರಿಸಲಿಲ್ಲ; ಅದನ್ನು ಹೊರಗೆ ತರಲು ಒಬ್ಬ ನಾಗರಿಕ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನೀರೆಲ್ಲಿಂದ, ಕೊಳಚೆ ಎಲ್ಲಿಗೆ, ತೆರಿಗೆ ಎಷ್ಟು ಎಂಬ ಪ್ರಶ್ನೆಗಳು ಎದ್ದವು. 2019ರ ಜನವರಿಯಲ್ಲಿ, ಅಪಪ್ರಚಾರ ಹೆಚ್ಚಾಯಿತೆಂದು ಹೇಳಿ ಕಂಪನಿ ಹಿಂದೆ ಸರಿಯಿತು. ದೊಡ್ಡ ಅವಕಾಶ ಕೈತಪ್ಪಿತು ಎಂದು ಕೆಲವರು ಇವತ್ತಿಗೂ ಮರುಗುತ್ತಾರೆ. ಆದರೆ ಬುಕ್ಕೂ ಹವಳದ ದಿಬ್ಬವನ್ನು ನೋಡಿ. 1973ರಲ್ಲೇ ಅದನ್ನು ಸಂರಕ್ಷಿತ ಎಂದು ಸಾರಿದ್ದಾರೆ. ಆದರೂ ವರ್ಷಗಟ್ಟಲೆ ಪ್ರವಾಸಿಗರಿಗೆ ಪ್ಲಾಸ್ಟಿಕ್ ಚಪ್ಪಲಿ ತೊಡಿಸಿ ಹವಳದ ಮೇಲೇ ನಡೆಸಿದರು, ದೋಣಿಯ ಲಂಗರು ಅದರ ಮೇಲೇ ಬಿತ್ತು, ದಡದ ಮನೆ-ಹೋಟೆಲುಗಳ ಕೊಳಚೆ ಅದರ ಕಡೆಗೇ ಹರಿಯಿತು. ಇರುವ ಕೋಣೆಗಳ ಕೊಳಚೆಯನ್ನೇ ಸಂಭಾಳಿಸಲಾಗದ ದಡದಲ್ಲಿ ಇನ್ನಷ್ಟು ನೂರು ಕೋಣೆ ಕಟ್ಟುವುದು ಮದ್ದಾಗಲು ಸಾಧ್ಯವೇ ಇರಲಿಲ್ಲ.

2024ರ ಫೆಬ್ರವರಿ 7ರಂದು ಟೊಬೇಗೊದ ದಕ್ಷಿಣ ತೀರದಲ್ಲಿ ಒಂದು ದೋಣಿಯಂಥದ್ದು ಮಗುಚಿ ಬಿದ್ದಿತ್ತು. ಒಳಗೆ ಜನರಿಲ್ಲ, ತನ್ನದೆಂದು ಹೇಳುವ ಮಾಲೀಕರಿಲ್ಲ. ಎಣ್ಣೆ ಮಾತ್ರ ಸೋರುತ್ತಿತ್ತು. ಗಲ್ಫ್‌ಸ್ಟ್ರೀಮ್ ಎಂಬ ಆ ಬಾರ್ಜನ್ನು ಒಂದು ಟಗ್ ಎಳೆದೊಯ್ಯುತ್ತಿತ್ತೆಂದು ಆಮೇಲೆ ತಿಳಿಯಿತು. ಸುಮಾರು 15 ಕಿಲೋಮೀಟರು ದಡ ಕಪ್ಪಾಯಿತು, ಕಾರ್ನಿವಲ್ ಹಬ್ಬದ ದಿನಗಳಲ್ಲೇ ಪ್ರಧಾನಿ ರಾಷ್ಟ್ರೀಯ ತುರ್ತುಸ್ಥಿತಿ ಎನ್ನಬೇಕಾಯಿತು. ನೂರಾರು ಮಂದಿ ಸ್ವಯಂಸೇವಕರು ಮರಳು ಗೋರಲು ಇಳಿದರು. ತೈಲ ತೆಗೆಯುವ ದೇಶಕ್ಕೆ ತೈಲ ಬಂದು ಬಡಿದದ್ದು ಬೇರೆಯವರ ಹಡಗಿನಿಂದ.

ಆಡಳಿತದ ವಿಚಾರ ಬೇಗ ಮುಗಿಸುತ್ತೇನೆ. ದೇಶಕ್ಕೆಲ್ಲ ಒಂದೇ ಇದ್ದ ಪ್ರವಾಸೋದ್ಯಮ ಅಭಿವೃದ್ಧಿ ಕಂಪನಿಯನ್ನು 2017ರಲ್ಲಿ ಮುಚ್ಚಿ, ದ್ವೀಪಕ್ಕೊಂದರಂತೆ ಎರಡು ಮಾಡಿದರು. ಎರಡು ದ್ವೀಪಗಳ ಅಗತ್ಯ ಬೇರೆ ಬೇರೆ, ಆದ್ದರಿಂದ ಇದು ಸರಿಯಾದ ಹೆಜ್ಜೆಯೇ. ಪ್ರತಿ ಚುನಾವಣೆಯ ಮರುದಿನ ಫಲಕ, ಘೋಷವಾಕ್ಯ, ಮೇಲಧಿಕಾರಿ ಬದಲಾಗುವ ರೋಗಕ್ಕೆ ಇದರಿಂದ ಔಷಧಿ ಸಿಕ್ಕಿಲ್ಲ.

ಇನ್ನು ಕಾರ್ನಿವಲ್. ಕ್ರೈಸ್ತರ ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರ, ಮಂಗಳವಾರ ಇಡೀ ದೇಶ ಬೀದಿಗಿಳಿಯುತ್ತದೆ. ಸೋಮವಾರ ಬೆಳಕು ಹರಿಯುವ ಮೊದಲೇ ಕೆಸರು, ಬಣ್ಣ, ಎಣ್ಣೆ ಬಳಿದುಕೊಂಡು ಕುಣಿತ. ಮಂಗಳವಾರ ಗರಿ, ಮಣಿಗಳ ವೇಷ. ಕ್ಯಾಲಿಪ್ಸೊ, ಸೋಕಾ ಹಾಡು. ಇದರ ಜತೆಗೆ ಸ್ಟೀಲ್‌ಪ್ಯಾನ್ ಎಂಬ ವಾದ್ಯ. ಬ್ರಿಟಿಷ್ ಸರ್ಕಾರ ಆಫ್ರಿಕನ್ನರ ಡೋಲು ನಿಷೇಧಿಸಿತು. ಜನ ಬಿದಿರು ಬಡಿದರು, ಬಿಸ್ಕತ್ತಿನ ಡಬ್ಬ ಬಡಿದರು, 1930-40ರ ದಶಕದಲ್ಲಿ ಖಾಲಿ ಎಣ್ಣೆ ಪೀಪಾಯಿಯ ತಳ ತಟ್ಟಿ ತಟ್ಟಿ ಸ್ವರ ಹುಟ್ಟಿಸಿದರು. ಇಪ್ಪತ್ತನೆಯ ಶತಮಾನ ಕೊಟ್ಟ ಬೆರಳೆಣಿಕೆಯ ಹೊಸ ವಾದ್ಯಗಳಲ್ಲಿ ಇದೊಂದು. ಈಚೆಗೆ ದೇಶದ ಲಾಂಛನದಿಂದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಅಲ್ಲಿ ಈ ವಾದ್ಯವನ್ನು ಕೂರಿಸಿದ್ದಾರೆ. ಒಳ್ಳೆಯ ಕೆಲಸ.

ಆದರೆ ಈ ವಾದ್ಯ ಹುಟ್ಟಿದ ಲಾವೆಂಟಿಲ್ ಗುಡ್ಡಕ್ಕೆ ಇವತ್ತು ಟ್ಯಾಕ್ಸಿಯವನು ಅತಿಥಿಯನ್ನು ಕರೆದೊಯ್ಯುವುದಿಲ್ಲ. ಬಡತನ, ಬಂದೂಕು, ಗುಂಪುಗಳ ಕಾದಾಟ. ಅಲ್ಲಿನ ಹೆಮ್ಮೆಯ ಡೆಸ್ಪರಾಡೋಸ್ ವಾದ್ಯತಂಡವೇ ಕೊಲೆಗಳಿಗೆ ಹೆದರಿ ಗುಡ್ಡ ಇಳಿದು ಬೇರೆ ಜಾಗದಲ್ಲಿ ಅಭ್ಯಾಸ ಮಾಡಬೇಕಾಯಿತು. ದಕ್ಷಿಣ ಅಮೆರಿಕದ ಮಾದಕ ವಸ್ತು ಉತ್ತರಕ್ಕೆ ಹೋಗುವ ದಾರಿಯಲ್ಲಿ ಈ ದೇಶ ಕೂತಿದೆ. ಸರಕಿನ ಜತೆ ಬಂದೂಕೂ ಬರುತ್ತದೆ. 14 ಲಕ್ಷ ಜನರ ದೇಶದಲ್ಲಿ 2024ರಲ್ಲಿ 600ಕ್ಕೂ ಹೆಚ್ಚು ಕೊಲೆಗಳಾದವು. ಆ ವರ್ಷದ ಡಿಸೆಂಬರ್ 30ರಂದು ತುರ್ತುಪರಿಸ್ಥಿತಿ ಸಾರಿದರು. 2025ರ ಕಾರ್ನಿವಲ್ ನಡೆದದ್ದು ಅದರ ನೆರಳಿನಲ್ಲೇ. ಕೊಲೆಯಾಗುವವರಲ್ಲಿ ಪ್ರವಾಸಿಗರು ಇಲ್ಲವೆನ್ನುವಷ್ಟು ಕಡಿಮೆ, ನಿಜ. ಆದರೆ ಎಚ್ಚರಿಕೆ ಎಂಬ ನಾಲ್ಕು ಸಾಲನ್ನು ಅಮೆರಿಕ, ಬ್ರಿಟನ್ನುಗಳ ಸರ್ಕಾರ ತಮ್ಮ ಜನರಿಗೆ ಪ್ರಕಟಿಸಿದರೆ, ಎಷ್ಟು ಬಣ್ಣದ ಜಾಹೀರಾತು ಹಾಕಿದರೂ ಅದನ್ನು ಅಳಿಸಲಾಗದು. ಲಾವೆಂಟಿಲಿನ ಹುಡುಗರಿಗೆ ವರ್ಷಪೂರ್ತಿ ವಾದ್ಯದಿಂದ ಅನ್ನ ಹುಟ್ಟುವಂತೆ ಮಾಡುವುದು ಪ್ರವಾಸೋದ್ಯಮ ಇಲಾಖೆಯ ಕೆಲಸವೂ ಹೌದು, ಪೊಲೀಸರದ್ದೊಂದೇ ಅಲ್ಲ ಎಂಬುದು ನನ್ನ ನಂಬಿಕೆ. ಕಾರ್ನಿವಲ್ ಎರಡು ದಿನ. ವಾದ್ಯದ ಅಂಗಳಗಳು ಉಳಿದ ತಿಂಗಳುಗಳಲ್ಲೂ ಅಲ್ಲೇ ಇರುತ್ತವೆ.

ನಮ್ಮವರ ಬಗ್ಗೆ ಹೇಳದೆ ಮುಗಿಸುವ ಹಾಗಿಲ್ಲ. 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಪೋರ್ಟ್ ಆಫ್ ಸ್ಪೇನಿಗೆ ತಂದಿತು. 1917ರವರೆಗೆ ಬಂದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಬಹುಪಾಲು ಬಿಹಾರ, ಅವಧ್ ಸೀಮೆಯವರು, ಒಂದಷ್ಟು ಮದರಾಸು ಬಂದರಿನಿಂದ ಹತ್ತಿದವರು. ಅವರಲ್ಲಿ ಹೆಚ್ಚಿನವರನ್ನು ಮೊದಲು ಇಳಿಸುತ್ತಿದ್ದ ನೆಲ್ಸನ್ ದ್ವೀಪ ರಾಜಧಾನಿಯ ಎದುರಿಗೇ ಇದೆ. ವಾಟರ್‌ಲೂ ಎಂಬಲ್ಲಿ ಸಮುದ್ರದೊಳಗೆ ಒಂದು ದೇವಸ್ಥಾನ. ಸಿಯುದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿ 1947ರಲ್ಲಿ ದಡದಲ್ಲಿ ಗುಡಿ ಕಟ್ಟಿದ. ಜಾಗ ತನ್ನದೆಂದು ಸಕ್ಕರೆ ಕಂಪನಿ ಗುಡಿ ಕೆಡವಿಸಿತು, ಅವನಿಗೆ ಜೈಲಾಯಿತು. ಭೂಮಿಯ ಮೇಲೆ ಬಿಡದಿದ್ದರೆ ಕಡಲು ಯಾರಪ್ಪನದೂ ಅಲ್ಲವಲ್ಲ ಎಂದು, ಸೈಕಲ್ಲಿಗೆ ಬಕೆಟ್ಟು ತೂಗುಹಾಕಿ ಕಲ್ಲು, ಸಿಮೆಂಟು ಹೊತ್ತು ಇಪ್ಪತ್ತೈದು ವರ್ಷ ಸಮುದ್ರ ತುಂಬಿ ಅಲ್ಲೇ ಗುಡಿ ಕಟ್ಟಿದ. ಅದು ಶಿಥಿಲವಾದ ಮೇಲೆ, 1995ರಲ್ಲಿ, ಭಾರತೀಯರು ಬಂದ 150ನೆಯ ವರ್ಷಕ್ಕೆ ಸರ್ಕಾರವೇ ಹೊಸದಾಗಿ ಕಟ್ಟಿಕೊಟ್ಟಿತು.

ಅಲ್ಲಿಂದ ಅನತಿ ದೂರದ ಕರಾಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತನ ವಿಗ್ರಹ, ದ್ರಾವಿಡ ಶೈಲಿಯ ದತ್ತಾತ್ರೇಯ ಮಂದಿರ. ಇವನ್ನು ಕಟ್ಟಿಸಿದವರು ನಮ್ಮ ಮೈಸೂರಿನ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ. ಚಾಗುವಾನಸ್ ಪಟ್ಟಣದ ಮುಖ್ಯ ರಸ್ತೆಯಲ್ಲಿ ಸಿಂಹಗಳ ಮನೆ ಇದೆ, ವಿ. ಎಸ್. ನೈಪಾಲರ ತಾಯಿಯ ತವರು. ಅವರ ಕಾದಂಬರಿಯ ಹನುಮಾನ್ ಹೌಸ್‌ಗೆ ಮೂಲ ಇದೇ. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1992ರಲ್ಲಿ ನೊಬೆಲ್ ಭಾಷಣ ಶುರುಮಾಡಿದ್ದು ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ. ಬೀದಿಯಲ್ಲಿ ನಿಂತು ತಿನ್ನುವ ಡಬಲ್ಸ್ ಇದೆ: ಎರಡು ಮೆತ್ತನೆಯ ಬಾರಾ, ನಡುವೆ ಕಡಲೆ ಪಲ್ಯ, ಮೇಲೆ ಖಾರ. ಇಷ್ಟನ್ನೂ ಒಂದೇ ದಿನದಲ್ಲಿ ನೋಡಿ, ತಿಂದು ಬರಬಹುದು, ಅಷ್ಟು ಹತ್ತಿರ. ಇವನ್ನೆಲ್ಲ ಪೋಣಿಸಿ, ವಂಶದ ಬೇರು ಹುಡುಕಿ ಬರುವ ಭಾರತೀಯ ಮೂಲದವರಿಗೆ, ನಮ್ಮಂಥವರಿಗೆ ತೋರಿಸುವ ಏರ್ಪಾಡು ಇನ್ನೂ ಚೆದುರಿದಂತಿದೆ. 2025ರ ಜುಲೈಯಲ್ಲಿ ಭಾರತದ ಪ್ರಧಾನಿ ಅಲ್ಲಿಗೆ ಹೋದಾಗ, ಅಲ್ಲಿನ ಭಾರತೀಯ ಮೂಲದವರ ಆರನೆಯ ತಲೆಮಾರಿಗೂ ಒಸಿಐ ಕಾರ್ಡು ಕೊಡುವ ಮಾತಾಡಿದರು. ಅವರು ಇಲ್ಲಿಗೆ ಬರಲು ದಾರಿಯಾಯಿತು. ನಾವು ಅಲ್ಲಿಗೆ ಹೋಗಲು ಭಾರತದಿಂದ ನೇರ ವಿಮಾನವಿಲ್ಲ.

ಹೀಗಾಗಿ ನನ್ನ ತೀರ್ಮಾನ ಇಷ್ಟು. ಈ ದೇಶಕ್ಕೆ ತೋರಿಸುವ ವಸ್ತುವಿನ ಬಡತನವಿಲ್ಲ. ಚಂಡಮಾರುತಗಳ ಹಾದಿಯಿಂದ ಬಹುತೇಕ ದಕ್ಷಿಣಕ್ಕೆ ಇರುವುದರಿಂದ ಪ್ರಕೃತಿಯೂ ಕರುಣೆ ತೋರಿದೆ. ದೊಡ್ಡ ಹೋಟೆಲು ಬರಲಿ ಎಂದು ಕಾಯುತ್ತ ಕಳೆದ ವರ್ಷಗಳಲ್ಲಿ ಹಡಗನ್ನು ಹೊತ್ತಿಗೆ ಸರಿಯಾಗಿ ಓಡಿಸಿದ್ದರೆ, ಕೊಳಚೆಗೊಂದು ದಾರಿ ಮಾಡಿದ್ದರೆ, ಮತುರಾದಂಥ ಇನ್ನು ಹತ್ತು ಊರಿಗೆ ತಮ್ಮ ಕಾಡು-ಕಡಲಿನ ಯಜಮಾನಿಕೆ ಕೊಟ್ಟಿದ್ದರೆ, ಎಣ್ಣೆ ಕೈಕೊಟ್ಟ ಈ ಹೊತ್ತಿನಲ್ಲಿ ಇಷ್ಟು ಪರದಾಟವಿರುತ್ತಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಹೋಗುವ ಮನಸ್ಸು ಮಾಡಿದರೆ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ ಆ ದೇಶ ವೀಸಾ ಕೇಳುವುದಿಲ್ಲ. ಹೊರಡುವ ಮುನ್ನ ನಿಯಮ ಒಮ್ಮೆ ವಿಚಾರಿಸಿಕೊಳ್ಳಿ. ಅಮೆರಿಕದ ಮೇಲೆ ಹಾಯ್ದು ಹೋಗುವುದಾದರೆ ಅಮೆರಿಕದ ವೀಸಾ ಮಾತ್ರ ಬೇಕೇ ಬೇಕು. ಆಮೆ ನೋಡುವುದಾದರೆ ಏಪ್ರಿಲ್, ಮೇ, ಜೂನ್ ಒಳ್ಳೆಯ ತಿಂಗಳುಗಳು. ಪರವಾನಗಿ ಪಡೆದು, ಮತುರಾದ ಊರಿನವರನ್ನೇ ಗೈಡಾಗಿ ಕರೆದುಕೊಂಡು ಹೋಗಿ, ಅವರ ಮನೆಗಳಲ್ಲೇ ಉಳಿಯಿರಿ, ದಡದಲ್ಲಿ ಟಾರ್ಚು, ಮೊಬೈಲಿನ ದೀಪ ಹಾಕಬೇಡಿ.